ರಾಜನ ಸಾರೋಟಿಗೆ ಇಪ್ಪತ್ತನಾಲ್ಕು ಎದೆಪಟ್ಟಿ

ಇನ್ನೊಂದು ತೂತು ಸಡಿಲ ಬಿಡಮ್ಮ ಎಂಗ್ರಾಸಿಯಾ, ಉಸಿರು ಕಟ್ತಾ ಇದೆ, ಅನ್ನುತ್ತಿದ್ದಾನೆ ನಮ್ಮೂರ ಮೇಯರ್ ದೋನ್ ಫುಲ್ಹೆನ್ಸಿಯೊ, ಎರಡೂ ಕೈ ಮೇಲೆತ್ತಿ ದರ್ಜಿಯ ಮುಂದೆ ನಿಂತ ಮದುಮಗನಂತೆ, ಬಿಡ್ತೀನಿ ಸ್ವಾಮಿ, ಅದಕ್ಕೇನಂತೆ, ಎರಡು ಬೇಕಾದರೂ ಬಿಡ್ತೀನಿ — ಅಪ್ಪನ ಕಾಲದಿಂದ ನಮ್ಮಂಗಡಿಯಲ್ಲಿ ಹೇಸರಗತ್ತೆಗಳಿಗೆ ಎದೆಪಟ್ಟಿ ಹೊಲಿಯುತ್ತಿದ್ದೇವೆ, ಒಂದಾದರೂ ತಾನಾಗಿ ಬಂದು ತೊಡಿಸು ಎಂದು ಕತ್ತು ಚಾಚಿದ್ದಿಲ್ಲ, ಒದ್ದಿವೆ, ಕಚ್ಚಿವೆ, ಯಾರಾದರೂ ಕಿವಿ ತಿರುಚಿ ಹಿಡಿದುಕೊಂಡರೇ ಕೊಂಡಿ ಹಾಕಲು ಬಿಟ್ಟದ್ದು, ಇವರೋ, ಊರಿನ ದೊಡ್ಡ ಮನುಷ್ಯರು, ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ನೆಟ್ಟಗೆ ಬಂದು ಊರಬಾಗಿಲಲ್ಲಿ ಸಾಲು ನಿಂತಿದ್ದಾರೆ, ಗರಿಗರಿ ಅಂಗಿ, ಬೆಳ್ಳಿ ಗುಂಡಿ, ಹೆಂಡತಿಯರು ಪಕ್ಕದಲ್ಲಿ ಬೀಸಣಿಗೆ ಹಿಡಿದು ಟೋಪಿ ಕಾಯುತ್ತಿದ್ದಾರೆ. ರಾಜ ಕಾದಿಸ್‌ನಿಂದ ಮಾದ್ರಿದಿಗೆ ಹಿಂತಿರುಗುತ್ತಿದ್ದಾನೆ, ದಾರಿಯ ಪ್ರತಿ ಊರಲ್ಲೂ ಸಾರೋಟಿನ ಹೇಸರಗತ್ತೆಗಳನ್ನು ಬಿಚ್ಚಿ ಗಂಡಸರೇ ಎಳೆಯುತ್ತಿದ್ದಾರೆ, ಹಿಂದಿನ ಊರಿನವರು ಹದಿನೆಂಟು ಜನ ಎಳೆದರಂತೆ, ನಾವೇನು ಅವರಿಗಿಂತ ಕಡಿಮೆಯಾ, ಇಪ್ಪತ್ತನಾಲ್ಕು ಪಟ್ಟಿ ಹೊಲಿ, ನನ್ನದಕ್ಕೆ ಒಳಗಡೆ ಉಣ್ಣೆ ತುಂಬು, ಎಂದಿದ್ದ ಮೇಯರ್, ತುಂಬಿದ್ದೇನೆ, ಹುಣ್ಣಾದ ಹೆಗಲಿನ ಮುದಿ ಕತ್ತೆಗೆ ತುಂಬುವಷ್ಟು. ಏನ್ ಎಂಗ್ರಾಸಿಯಾ, ಲಾಳ ಹೊಡೆಯೋಳೂ ನೀನೇನಾ, ಅಂತ ಹಲ್ಲು ಕಿರಿಯುತ್ತಾನೆ ರೊಟ್ಟಿಯಂಗಡಿಯ ಕ್ರಿಸ್ಪುಲೊ, ಹುಲ್ಲೂ ತಂದಿದೀನಿ ಕಣೋ, ಹಸಿವಾದ್ರೆ ಹೇಳು, ಅಂದೆ, ಎಲ್ಲರೂ ನಕ್ಕರು, ನಗುವುದು ಅವರಿಗೆ ಯಾವಾಗಲೂ ಸುಲಭ, ಅಳುವುದೂ, ಜೈಕಾರ ಹಾಕುವುದೂ.

ಅತ್ತಿದ್ದರಲ್ಲ, ಮೂರು ವರ್ಷದ ಹಿಂದೆ, ಇದೇ ದೋನ್ ಫುಲ್ಹೆನ್ಸಿಯೊ ಪುರಸಭೆಯ ಮೆಟ್ಟಿಲ ಮೇಲೆ ಸಂವಿಧಾನದ ಪುಸ್ತಕಕ್ಕೆ ಮುತ್ತಿಟ್ಟು ಗೊಳೋ ಅಂತ ಅತ್ತಿದ್ದ, ಟೋಪಿಗೆ ಹಸಿರು ರಿಬ್ಬನ್ನು, ಸಂವಿಧಾನ ಇಲ್ಲವೇ ಸಾವು ಎಂದು ಅದರ ಮೇಲೆ ಕಸೂತಿ, ಆ ಕಸೂತಿಯೂ ನನ್ನದೇ, ರಾಜನೂ ಅದೇ ಪುಸ್ತಕದ ಮೇಲೆ ಆಣೆ ಮಾಡಿದ, ಆಮೇಲೆ ಆ ಪುಸ್ತಕವನ್ನೇ ಹೂಳಲು ಗುಟ್ಟಾಗಿ ಫ್ರೆಂಚರ ದಂಡು ಕರೆಸಿಕೊಂಡ, ಹನ್ನೊಂದು ದಿನದ ಹಿಂದೆ ದಂಡು ಊರು ಹೊಕ್ಕ ದಿನ ಹಸಿರು ರಿಬ್ಬನ್ನುಗಳೆಲ್ಲ ಬಾವಿ ಸೇರಿದವು, ಒಂದು ವಾರ ಊರಿನ ನೀರಿಗೆ ಬಣ್ಣದ ವಾಸನೆ. ನನ್ನ ಗಂಡ ಲಿಯಾಂದ್ರೊ ಒಬ್ಬನೇ ತನ್ನ ಡೋಲು ಕಟ್ಟಿಕೊಂಡು ಚೌಕದ ನಡುವೆ ನಿಂತು ಬಾರಿಸಿದ್ದು, ಒಬ್ಬನೇ, ಎದುರಿಗೆ ಮುನ್ನೂರು ಕುದುರೆ, ಕಿಟಕಿಗಳೆಲ್ಲ ಪಟಪಟ ಮುಚ್ಚಿಕೊಂಡವು, ಹುಚ್ಚ, ಎಷ್ಟು ಬೈದುಕೊಂಡೆ, ಬೈಯುತ್ತ ಬೈಯುತ್ತ ಹಿಗ್ಗಿದೆ, ಈ ಊರಲ್ಲಿ ಒಂದೇ ಒಂದು ಬೆನ್ನು ನೆಟ್ಟಗಿದೆ, ಅದು ನನ್ನ ಮನೆಯದು ಎಂದು ಹನ್ನೊಂದು ದಿನದಿಂದ ತಲೆಯೆತ್ತಿ ನಡೆದಿದ್ದೇನೆ, ಅವನು ಪುರಸಭೆಯ ಕಣಜದಲ್ಲಿ ಸೆರೆಯಾಗಿ ಹೇನು ಕಡಿಸಿಕೊಂಡು ಕೂತಿದ್ದರೂ. ನಾಳೆ ಕೈದಿಗಳ ಗಾಡಿ ಸೆವಿಯಾಕ್ಕೆ ಹೊರಡುತ್ತದೆ, ಅಲ್ಲಿಗೆ ಹೋದವರ ಹೆಸರು ಮಾತ್ರ ತಿರುಗಿ ಬರುತ್ತದೆ, ಇಗರ್ಜಿಯ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ, ಗಲ್ಲಿಗೇರಿದವರು ಎಂದು. ಎದೆಪಟ್ಟಿ ಚೆನ್ನಾಗಿ ಬರಲಿ ಎಂಗ್ರಾಸಿಯಾ, ಕೈದಿಗಳ ಯಾದಿಯಿಂದ ನಿನ್ನ ಗಂಡನ ಹೆಸರು ನಾನು ಹೊಡೆದು ಹಾಕ್ತೀನಿ, ಅಂದ ಮೇಯರ್, ತೊಗಲಿನ ಮೇಲೆ ಬೆರಳಾಡಿಸುತ್ತ, ಸರಿ ಅಂದೆ, ಹೊಲಿದೆ, ಒಂದೊಂದು ಹೊಲಿಗೆಗೂ ಒಬ್ಬೊಬ್ಬನ ಹೆಸರು ಹಿಡಿದು ಉಗಿಯುತ್ತ ಮೇಣ ಹಚ್ಚಿದ ದಾರ ಎಳೆದೆ.

ದೂಳು ಕಾಣ್ತಿದೆ, ಬಂದ್ರು, ಬಂದ್ರು, ಎಂದು ಯಾರೋ ಗೋಡೆಯ ಮೇಲಿಂದ ಕೂಗುತ್ತಾರೆ, ಇಪ್ಪತ್ತಮೂರೇ ಇದೀವಲ್ಲ, ಸೆರಾಪಿಯೊ ಎಲ್ಲಿ, ಔಷಧಿ ಅಂಗಡಿಯ ಸೆರಾಪಿಯೊನಿಗೆ ಬೆಳಗ್ಗೆಯಿಂದ ಹೊಟ್ಟೆನೋವಂತೆ, ಹಾಳಾದೋನು, ತನ್ನ ಮದ್ದು ತಾನೇ ಕುಡಿದನೋ ಏನೋ, ಒಂದು ಜಾಗ ಖಾಲಿ ಬಿಡೋಕಾಗುತ್ತೇನ್ರೀ, ರಾಜರ ಕಣ್ಣಿಗೆ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತೆ, ಎನ್ನುತ್ತ ಮೇಯರ್ ನನ್ನ ಕಡೆ ತಿರುಗುತ್ತಾನೆ, ನನ್ನ ಕಡೆಯಲ್ಲ, ನನ್ನ ಹಿಂದೆ, ಕಾವಲಿನವನು ಲಿಯಾಂದ್ರೊನನ್ನು ಕಣಜದಿಂದ ತಂದು ನಿಲ್ಲಿಸಿದ್ದಾನೆ, ಅಯ್ಯೋ ದೇವರೇ, ಅವನ ತಲೆ, ಹೇನಿಗೆಂದು ಪೂರಾ ಬೋಳಿಸಿದ್ದಾರೆ, ಕೂದಲಿದ್ದಾಗ ನಾನೆಂದೂ ಕಾಣದ ಹಿಂಗತ್ತು, ಸುಲಿದ ಮೊಟ್ಟೆಯಷ್ಟು ಬೆಳ್ಳಗೆ. ನೋಡು ಲಿಯಾಂದ್ರೊ, ಸೇತುವೆವರೆಗೆ ಎಳೆದು ಮನೆಗೆ ಹೋಗು, ಇಲ್ಲಾಂದ್ರೆ ಸೆವಿಯಾ, ಅನ್ನುತ್ತಾನೆ ಮೇಯರ್, ಸ್ವಾಮಿ, ಮಾತು ಹಾಗಿರಲಿಲ್ಲ, ಪಟ್ಟಿ ಹೊಲಿದರೆ ಸಾಕು ಅಂದಿದ್ರಿ, ಎನ್ನುತ್ತೇನೆ, ಆಗಿನ ಮಾತು ಆಗ ಕಣಮ್ಮ, ಅನ್ನುತ್ತಾನೆ. ಉಗಿ ಲಿಯಾಂದ್ರೊ, ಅವನ ಬೆಳ್ಳಿ ಗುಂಡಿಯ ಮೇಲೆ ಉಗಿ — ಬೇಡ, ಉಗಿಯಬೇಡ, ಬದುಕು — ಉಗಿ — ನಾನೇನು ಕೇಳಿಕೊಳ್ಳುತ್ತಿದ್ದೇನೆ, ಯಾವುದನ್ನು ಕೇಳಿಕೊಳ್ಳಲಿ, ಅವನು ಉಗಿಯುವುದಿಲ್ಲ, ನನ್ನ ಮುಖವನ್ನೂ ನೋಡುವುದಿಲ್ಲ, ಹೋಗಿ ಸಾಲಿನಲ್ಲಿ ನಿಂತು ಎರಡೂ ಕೈ ಎತ್ತುತ್ತಾನೆ, ಮೇಯರ್ ಎತ್ತಿದ ಹಾಗೆಯೇ, ಬೇಗ ಬಿಗಿಯೇ ಎಂಗ್ರಾಸಿಯಾ, ಸಾರೋಟು ಬಂತು, ಅನ್ನುತ್ತಾನೆ ಮೇಯರ್. ಬಿಗಿಯುತ್ತೇನೆ, ಇಪ್ಪತ್ತನಾಲ್ಕು ಹೆಸರಿನ ಮೇಲೆ ಉಗಿದ ಇದೇ ಬಾಯಿ ಒಣಗಿದೆ, ನನ್ನ ಕೈಯ ಕೊಂಡಿ, ನನ್ನ ಗಂಡನ ಎದೆ, ಒತ್ತುತ್ತಾ, ಎಂದು ಕೇಳುತ್ತೇನೆ, ಇಲ್ಲ, ಚೆನ್ನಾಗಿ ಹೊಲಿದಿದೀಯ, ಅನ್ನುತ್ತಾನೆ.

ಹೇಸರಗತ್ತೆಗಳನ್ನು ಬಿಚ್ಚಿ ಪಕ್ಕಕ್ಕೆ ಎಳೆದೊಯ್ಯುತ್ತಾರೆ, ಸಾರೋಟಿನ ಪರದೆ ಅಲುಗುವುದೂ ಇಲ್ಲ, ಸ್ವಾತಂತ್ರ್ಯ ಬೇಡ, ಸಂಕೋಲೆಗೆ ಜಯವಾಗಲಿ, ಎಂದು ಕ್ರಿಸ್ಪುಲೊ ಕೂಗುತ್ತಾನೆ, ಜಯವಾಗಲಿ, ಎಲ್ಲರೂ, ಇಪ್ಪತ್ತನಾಲ್ಕು ತಲೆ ಒಟ್ಟಿಗೆ ಬಾಗುತ್ತವೆ, ಚಕ್ರ ಕಿರುಗುಟ್ಟುತ್ತದೆ, ನನಗೆ ಕಾಣುವುದು ಆ ಕತ್ತೊಂದೇ, ಒಂದು ನೊಣ ಬಂದು ಅದರ ಮೇಲೆ ಕೂರುತ್ತದೆ, ಹೇಸರಗತ್ತೆಯಾದರೆ ಚರ್ಮವನ್ನಾದರೂ ಅದುರಿಸಿ ಓಡಿಸುತ್ತಿತ್ತು, ಅವನು ಎಳೆಯುತ್ತಿದ್ದಾನೆ, ನೊಣ ಏಳುವುದಿಲ್ಲ, ಬೆಳ್ಳಗಿನ ಆ ಕತ್ತು, ಆ ಕತ್ತು, ಅದರ ಮೇಲೆ ನೊಣ —