ತಿಮಿಂಗಿಲ ಸಾಯುವ ಚಂದ

ವಿಡಿಯೋ ಗೇಮ್ ಕಂಪನಿಯಲ್ಲಿ ಪ್ರಾಣಿಗಳ ಚಿತ್ರ ಬಿಡಿಸಿ ಅವಕ್ಕೆ ಚಲನೆ ಕೊಡುವ ಕೆಲಸ ಅವಳದು. ಈ ಸಲದ್ದು ಸಮುದ್ರವನ್ನು ಉಳಿಸಬೇಕೆಂದು ಮಕ್ಕಳಿಗೆ ಕಲಿಸುವ ಆಟ. ಆಡುವವರು ಹಡಗು ನಡೆಸಬೇಕು, ದಾರಿಗೆ ತಿಮಿಂಗಿಲ ಬಂದರೆ ನಿಧಾನಿಸಬೇಕು. ಅವಸರಪಟ್ಟರೆ ಹಡಗು ಬಡಿದು ತಿಮಿಂಗಿಲ ಸಾಯುತ್ತದೆ. ಆ ಸಾವಿಗೆ ಅವಳು ಇಡೀ ಬೇಸಿಗೆಯನ್ನೇ ಸುರಿದಿದ್ದಳು. ನೋಡಿದ ಮಗುವಿನ ಕರುಳು ಚುರ್ ಅನ್ನಬೇಕು, ಇನ್ನೊಂದು ಸಲ ಅವಸರಪಡಬಾರದು, ಅಷ್ಟೇ ಅವಳ ಆಸೆ. ತಿಮಿಂಗಿಲ ಒಮ್ಮೆ ಮೇಲೆದ್ದು, ಮಗ್ಗುಲಾಗಿ, ಜೊತೆಗಿದ್ದ ತನ್ನ ಮರಿಯತ್ತ ಕಣ್ಣು ತಿರುಗಿಸಿ, ಬೆಳಕಿನ ಗುಳ್ಳೆಗಳ ನಡುವೆ ಮೆಲ್ಲನೆ ಕತ್ತಲಿಗೆ ಇಳಿಯುತ್ತಿತ್ತು. ಮೊದಲ ಸಲ ತೋರಿಸಿದಾಗ ಕಲ್ಲೆದೆಯ ಯಜಮಾನನೇ ಮೂಗು ಒರೆಸಿಕೊಂಡಿದ್ದ. ನೆಗಡಿ ಅಂದ, ಆ ಮಾತು ಬೇರೆ.

ಆಟವನ್ನು ಪರೀಕ್ಷಿಸುವ ದಿನ ಕಂಪನಿಯವರ ಮಕ್ಕಳನ್ನೆಲ್ಲ ಕರೆಸಿ ಉದ್ದನೆಯ ಮೇಜಿನ ಮುಂದೆ ಕೂರಿಸಿದರು. ಅವಳ ಮಗಳೂ ಇದ್ದಳು. ಇರುವೆ ತುಳಿದರೆ ಊಟ ಬಿಡುವ ಹುಡುಗಿ. ಹೆತ್ತವರು ಗಾಜಿನಾಚೆ ನಿಂತು ನೋಡಬಹುದು, ತುಟಿ ಪಿಟಕ್ ಎನ್ನುವಂತಿಲ್ಲ.

ಮೊದಲ ತಿಮಿಂಗಿಲ ಸತ್ತಾಗ ಮಕ್ಕಳ ಕೈಗಳು ಗುಂಡಿಗಳ ಮೇಲೇ ನಿಂತವು. ಒಂದಿಬ್ಬರು ಅತ್ತೇಬಿಟ್ಟರು. ಅವಳ ಎದೆ ತುಂಬಿ ಬಂತು, ಪಟ್ಟ ಪಾಡು ಸಾರ್ಥಕವಾಯಿತು ಅಂದುಕೊಂಡಳು. ಅಷ್ಟರಲ್ಲಿ ಯಾರೋ ಕೂಗಿದರು, “ಏಯ್, ಜೋರಾಗಿ ಗುದ್ದಿದ್ರೆ ಗುಳ್ಳೆ ಇನ್ನೂ ಜಾಸ್ತಿ ಬರುತ್ತೆ ಕಣ್ರೋ!”

ಶುರುವಾಯಿತು. ಹಡಗುಗಳು ತಿಮಿಂಗಿಲಗಳನ್ನು ಹುಡುಕಿಕೊಂಡು ಹೋಗಿ ಗುದ್ದತೊಡಗಿದವು. ಬೇಕೆಂದೇ. ಮಗಳ ಪರದೆಯಲ್ಲೂ ಅದೇ. ಕೆನ್ನೆಯ ಮೇಲಿನ ಕಣ್ಣೀರು ಒಣಗಿರಲಿಲ್ಲ, ಕೈ ಮಾತ್ರ ಹಡಗನ್ನು ತಿರುಗಿಸಿ ತಿರುಗಿಸಿ ತರುತ್ತಿತ್ತು. ಬೇರೆಯವರ ಮಕ್ಕಳಾದರೆ ಕೆಟ್ಟವು ಅಂದುಬಿಡಬಹುದಿತ್ತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಏನನ್ನುವುದು?

ಪರೀಕ್ಷೆ ಮುಗಿದಾಗ ಯಜಮಾನ ಹಿಗ್ಗಿ ಹೀರೇಕಾಯಿಯಾಗಿದ್ದ. “ನೋಡಮ್ಮಾ, ಒಂದು ಮಗೂನೂ ಎದ್ದು ಹೋಗ್ಲಿಲ್ಲ! ಆಮೆಗೂ ಇಂಥದ್ದೇ ಒಂದು ಸಾವು ಮಾಡ್ಕೊಡು.”

“ಇದನ್ನೇ ತೆಗೆದುಬಿಡೋಣ ಸಾರ್. ಮಕ್ಕಳು ಕೊಲ್ಲೋದನ್ನ ಕಲೀತಿದ್ದಾರೆ.”

“ತೆಗೆದ್ರೆ ಯಾರು ಆಡ್ತಾರೆ? ಆಡ್ದೇ ಇದ್ರೆ ಸಮುದ್ರದ ಪಾಠ ಯಾರಿಗೆ ಹೇಳ್ತೀಯ, ಗೋಡೆಗಾ?”

ಅತ್ತ ದರಿ, ಇತ್ತ ಪುಲಿ. ಹಾಳಾದವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅವಳ ಸಂಕಟವೇ ಅದು. ತಲೆಯಾಡಿಸಿ ಮಕ್ಕಳ ಕೋಣೆಯ ಒಳಗೆ ಹೋದಳು.

ಉಳಿದ ಮಕ್ಕಳು ಹೊರಟಿದ್ದರೂ ಮಗಳು ಕೂತೇ ಇದ್ದಳು.

“ಅಮ್ಮಾ, ಇನ್ನೊಂದೇ ಸಲ ಸಾಯಿಸ್ಲಾ? ಎಷ್ಟು ಚೆನ್ನಾಗಿ ಸಾಯುತ್ತೆ ಗೊತ್ತಾ?”

“ಪಾಪ ಅನ್ಸಲ್ವೇನೇ?”

“ಅನ್ಸುತ್ತೆ. ತುಂಬಾ ಅನ್ಸುತ್ತೆ. ಅದಕ್ಕೇ.”

ತಾಯಿ ಪಕ್ಕದ ಕುರ್ಚಿ ಎಳೆದು ಕೂತಳು. “ಒಂದ್ಸಲ ಬದುಕ್ಸು ಕಂದಾ, ನನಗೋಸ್ಕರ.”

ಒಳ್ಳೆಯ ಹುಡುಗಿ, ಅಮ್ಮನ ಮಾತು ತೆಗೆದುಹಾಕಲಿಲ್ಲ. ಹಡಗು ನಿಧಾನಿಸಿತು. ತಿಮಿಂಗಿಲ ಮರಿಯ ಜೊತೆ ಎದುರಿಗೇ ಹಾದು, ಪರದೆಯ ಅಂಚು ದಾಟಿ ಹೋಯಿತು. ಉಳಿದದ್ದು ಬರೀ ನೀಲಿ ನೀರು. ಇಬ್ಬರೂ ಕಾದರು.

“ಆಮೇಲೆ?” ಎಂದಳು ಮಗಳು.

ಆಮೇಲೆ ಏನೂ ಇರಲಿಲ್ಲ. ಬದುಕಿದ ತಿಮಿಂಗಿಲ ಏನು ಮಾಡುತ್ತದೆ ಎಂದು ತಾಯಿ ಯೋಚಿಸಿಯೇ ಇರಲಿಲ್ಲ, ಬಿಡಿಸಿಯೂ ಇರಲಿಲ್ಲ.

ಮಗಳು ಅಮ್ಮನ ಮುಖ ನೋಡಿದಳು. ಆಮೇಲೆ ಹಡಗನ್ನು ಹಿಂದಕ್ಕೆ ತಿರುಗಿಸಿ ವೇಗ ಹೆಚ್ಚಿಸಿದಳು. ತಾಯಿ ತಡೆಯಲಿಲ್ಲ.