ಪಿಸ್ತೂಲಿನ ಮೇಲಿನ ಎರಡು ಸಾಲು

ನನ್ನ ತಮ್ಮ ಮುನಾವರ್ ಬಸ್ರಾದ ಯುದ್ಧದಿಂದ ಚನ್ನಪಟ್ಟಣಕ್ಕೆ ತಂದದ್ದು ಎರಡೇ: ಒಂದು ಕುಂಟುಗಾಲು, ಒಂದು ಪಿಸ್ತೂಲು. ಕಾಲಿಗೆ ಎಣ್ಣೆ ತಿಕ್ಕಿದೆ. ಪಿಸ್ತೂಲಿಗೆ ಏನು ಮಾಡಲಿ?

ಅಲ್ಲಿ ಅವನು ಫೌಜಿನ ಡಾಕ್ಟರ್ ಸಾಹೇಬರ ಆಳಾಗಿದ್ದ. ಸಾಹೇಬರು ಜ್ವರದಲ್ಲಿ ಸಾಯುವಾಗ ಅದನ್ನು ಇವನ ಕೈಗಿಟ್ಟರಂತೆ. ಆಗಲೇ ಅವರಿಗೆ ಮಾತು ನಿಂತುಹೋಗಿತ್ತಂತೆ. ಕಬ್ಬಿಣದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಕೆತ್ತಿತ್ತು. ನಮಗೆ ಓದಲು ಬಾರದು. ಯಾರಿಗಾದರೂ ತೋರಿಸಿದರೆ ಊರಿಗೇ ಗೊತ್ತಾಗುತ್ತದೆ.

"ಸಾಹೇಬರ ಹೆಸರೇ ಇರಬೇಕು ಆಪಾ, ಇರ್ಲಿ ಬಿಡು" ಅನ್ನುತ್ತಿದ್ದ, ಪೆದ್ದ.

ಲೈಸೆನ್ಸಿಲ್ಲದೆ ಬಂದೂಕು, ಪಿಸ್ತೂಲು ಇಟ್ಟವರನ್ನು ಹಿಡಿಯುತ್ತಾರೆಂದು ಡಂಗುರ ಸಾರಿದ ದಿನದಿಂದ ನನಗೆ ಅನ್ನ ಇಳಿಯಲಿಲ್ಲ. ಸತ್ತ ಸಾಹೇಬರ ಹೆಸರಿನ ಪಿಸ್ತೂಲು ನಮ್ಮ ಮನೆಯಲ್ಲಿ ಸಿಕ್ಕರೆ ಕದ್ದದ್ದು ಅನ್ನದೆ ಬಿಡುತ್ತಾರೆಯೇ? ಬೀದಿಯಲ್ಲಿ ಬೂಟಿನ ಸದ್ದಾದರೆ ಓಡಿ ಬಾಗಿಲು ಹಾಕುತ್ತಿದ್ದೆ. ಬಾವಿಗೆ ಹಾಕೋಣವೆಂದರೆ ಮುನಾವರ್ ಕಣ್ಣಲ್ಲಿ ನೀರು.

ಶುಕ್ರವಾರ ಅವನು ನಮಾಜಿಗೆ ಹೋದ. ನಾನು ಬೊಂಬೆ ಕಡೆಯುವವರ ಮಗಳು, ಅರ ಹಿಡಿದು ಉಜ್ಜುವುದು ನನಗೇನು ಹೊಸದಲ್ಲ. ಎರಡೂ ಸಾಲು ಉಜ್ಜಿ ಹಾಕಿದೆ. ಸಾಲದ್ದಕ್ಕೆ, ಬೊಂಬೆಗೆ ಕೊಡುವ ಹಾಗೆ ತಾಳೆಗರಿ ತಿಕ್ಕಿ ಹೊಳಪು ಕೊಟ್ಟೆ. ಬಟ್ಟೆ ಸುತ್ತಿ ಇದ್ದಲ್ಲೇ ಇಟ್ಟು, ಅಂದು ಹೊಟ್ಟೆ ತುಂಬ ಉಂಡೆ.

ಸೋಮವಾರ ಬೆಳಿಗ್ಗೆ ಪೊಲೀಸ್ ಜಮೇದಾರ ಮುನಿಶಾಮಯ್ಯ ಬಂದೇಬಿಟ್ಟ. ಕೈಯಲ್ಲಿ ಕಾಗದ.

"ಹೆದ್ರಬ್ಯಾಡ ಕಣಯ್ಯಾ ಮುನಾವರ್. ಡಾಕ್ಟರ್ ಹೆಂಡ್ರು ಸರ್ಕಾರಕ್ಕೆ ಬರ್ದವ್ರೆ. ಪಿಸ್ತೂಲು ನಿಂಗೇ ಕೊಡ್ಬೇಕು ಅಂತ ಗಂಡ ಮೊದ್ಲೇ ತಿಳ್ಸಿದ್ರಂತೆ. ಅದ್ರ ಮ್ಯಾಲೆ ಕೆತ್ಸವ್ರಂತೆ, ಕೇಳು: 'ಗುಂಡಿನ ಮಳೆಯಲ್ಲಿ ನನ್ನನ್ನು ಹೊತ್ತು ತಂದ ಮುನಾವರ್‌ಗೆ. ಈ ಜೀವ ನಿನ್ನದು.' ಆ ಅಕ್ಸರ ಇದ್ರೆ ಪಿಸ್ತೂಲು ನಿಂದೇಯ, ಲೈಸೆನ್ಸೂ ಕೊಡ್ತಾರೆ. ಇಲ್ದಿದ್ರೆ ಕದ್ದ ಮಾಲು ಅಂತ ನಿನ್ನ ಕರ್ಕಂಡ್ ಹೋಗ್ಬೇಕಾಯ್ತದೆ. ಎಲ್ಲಿ, ಒಸಿ ತೋರ್ಸು."

ಯುದ್ಧದಿಂದ ಬಂದ ಮೇಲೆ ಮುನಾವರ್ ನಕ್ಕಿದ್ದು ಅದೇ ಮೊದಲು. ಕುಂಟುತ್ತಲೇ ಓಡಿಹೋಗಿ ಗಂಟು ತಂದ. ಬಟ್ಟೆ ಬಿಚ್ಚಿದ. ನುಣ್ಣಗಾದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಆ ಹೊಳಪು ಯಾರ ಕೈಯದೆಂದು ಅವನಿಗೆ ತಿಳಿಯದೆ ಇರುತ್ತದೆಯೇ? ಒಮ್ಮೆ ನನ್ನ ಕಡೆ ನೋಡಿದ.

"ಅಕ್ಸರ ಎಲ್ಲಯ್ಯಾ?"

"ನಾನೇ ಉಜ್ಜಿ ಹಾಕ್ದೆ ಸ್ವಾಮಿ" ಅಂದ ಮುನಾವರ್.

"ಇಲ್ಲ, ನಾನು! ಉಜ್ಜಿದ್ದು ನಾನು!" ಎಂದು ಕೂಗಿಕೊಂಡೆ.

"ತಮ್ಮನ್ನ ಉಳ್ಸಾಕೆ ಯಾವ ಅಕ್ಕ ಆದ್ರೂ ಹಿಂಗೇ ಅಂತಾಳೆ" ಎನ್ನುತ್ತಾ ಜಮೇದಾರ ಅವನ ತೋಳು ಹಿಡಿದ.

ಓದಲು ಬಾರದ ನನಗೆ ಆ ಎರಡು ಸಾಲು ಈಗ ಬಾಯಿಪಾಠ.