ತೊಂಬತ್ತು ದಿನದ ಕಲಮು

ನನಗೆ ಸಿಟ್ಟು ಮೂಗಿನ ಮೇಲೆ. ಪಿರಿಯಾಪಟ್ಟಣದ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ವಕೀಲಿಕೆ ಮಾಡಿದವನಿಗೆ ಅದೂ ಒಂದು ಬಂಡವಾಳ ಎಂದೇ ತಿಳಿದಿದ್ದೆ. ರಾವಂದೂರು ಕಡೆಯ ಸ್ಪಂದನಾ ತನ್ನ ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟಾಗಲೂ ಮೊದಲು ಬಂದದ್ದು ಸಿಟ್ಟೇ.

ಹತ್ತಾರು ದೇಶಗಳು ಸೇರಿ ಕಟ್ಟಿದ ವಿಶ್ವ ಕೃಷಿಶ್ರಮ ಸಂಘಟನೆ ಎಂಬ ಸಂಸ್ಥೆಗೆ ಅವಳು ಗುತ್ತಿಗೆಯ ಮೇಲೆ ಸಮೀಕ್ಷೆ ಮಾಡುತ್ತಿದ್ದಳು. ಹೊಗೆಸೊಪ್ಪಿನ ಹೊಲಗಳಲ್ಲಿ ಯಾರು ಯಾರು ದುಡಿಯುತ್ತಾರೆ ಎಂದು ಮನೆಮನೆಗೆ ಹೋಗಿ ಫಾರಂ ತುಂಬುವ ಕೆಲಸ. ಅವಳ ಊರಿನಲ್ಲಿ ಹನ್ನೊಂದು ಮನೆಯ ಹೆಂಗಸರು ಮುಯ್ಯಾಳು ಹೋಗುತ್ತಾರೆ. ಇಂದು ಎಲ್ಲರೂ ನಿನ್ನ ಹೊಲದಲ್ಲಿ ಸೊಪ್ಪು ಮುರಿದರೆ ನಾಳೆ ಎಲ್ಲರೂ ನನ್ನ ಹೊಲದಲ್ಲಿ, ಕೂಲಿಯ ಮಾತೇ ಇಲ್ಲ. ಹಾಗಾಗಿ ಹನ್ನೊಂದು ಫಾರಮಿನಲ್ಲೂ ಅದೇ ಹನ್ನೊಂದು ಹೆಸರು. ದೆಹಲಿ ಕಚೇರಿಯ ಕಂಪ್ಯೂಟರು ಅದನ್ನು ಹಿಡಿಯಿತು. ಇವಳು ಯಾರ ಮನೆಗೂ ಹೋಗದೆ ಒಂದು ಫಾರಂ ಬರೆದು ಹತ್ತು ನಕಲು ಮಾಡಿದ್ದಾಳೆ ಎಂದು ತೀರ್ಮಾನಿಸಿ ತೆಗೆದುಹಾಕಿದರು. ಅಷ್ಟಕ್ಕೇ ಬಿಡದೆ ‘ವಂಚನೆ’ ಎಂದು ಬರೆದು, ಇಂಥ ಸಂಸ್ಥೆಗಳೆಲ್ಲ ನೋಡುವ ಪಟ್ಟಿಗೆ ಅವಳ ಹೆಸರು ಸೇರಿಸಿದರು. ಮೈಸೂರಿನಲ್ಲಿ ಸಿಕ್ಕೇಬಿಟ್ಟಿತು ಎನ್ನುವಂತಿದ್ದ ಇನ್ನೊಂದು ಕೆಲಸ ಆ ಪಟ್ಟಿಯಿಂದಲೇ ತಪ್ಪಿತು.

“ಆ ಕೆಲ್ಸ ಹೋದ್ರೆ ಹೋಗ್ಲಿ ಸಾರ್. ಮೋಸಗಾತಿ ಅಂತ ಬರ್ದುಬುಟ್ರಲ್ಲ, ಅದನ್ನ ಅಳಿಸ್ಬೇಕು,” ಎಂದಳು.

“ಮುಯ್ಯಾಳು ಅಂದ್ರೇನು ಅಂತ ಗೊತ್ತಿಲ್ದೋರು ಹೊಗೆಸೊಪ್ಪಿನ ಸರ್ವೆ ಮಾಡಿಸ್ತಾರಾ? ಎಳೀತೀನಿ ಕಣಮ್ಮ ಅವರನ್ನ ಈ ಕೋರ್ಟಿಗೆ!” ಎಂದು ಗುಡುಗಿದೆ.

ಅವಳು ಒಪ್ಪಂದದ ಕೊನೆಯ ಪುಟ ತೆಗೆದು ತೋರಿಸಿದಳು. ಹದಿಮೂರನೆಯ ಕಲಮು. ತಕರಾರಿದ್ದರೆ ತೊಂಬತ್ತು ದಿನದೊಳಗೆ ಸಂಸ್ಥೆಗೆ ಬರೆದು, ಮಧ್ಯಸ್ಥಗಾರರನ್ನು ನೇಮಿಸಿ ಎಂದು ಕೇಳಬೇಕು.

“ಇದಕ್ಕೂ ಒಂದು ಅರ್ಜಿ ಕಳ್ಸೋಣ್ವಾ ಸಾರ್?”

“ಅವರು ನೇಮಿಸಿದೋನ ಮುಂದೆ ಅವರ ಮೇಲೇ ದೂರು ಹೇಳೋದಾ? ಕಳ್ಳನ ಕೈಗೇ ಕೀಲಿಕೈ ಕೊಟ್ಟಂಗೆ ಅದು. ಕೋರ್ಟು ಇರೋದು ಯಾಕೆ?” ಎಂದು ಆ ಪುಟ ಮಗುಚಿಟ್ಟೆ. ಅವಳನ್ನು ತೆಗೆದುಹಾಕಿ ಅಂದಿಗೆ ನಲವತ್ತೊಂದು ದಿನವಾಗಿತ್ತು.

ದಾವೆ ಹೂಡಿದೆ. ಸಂಸ್ಥೆಯವರು ಯಾರೂ ಬರಲಿಲ್ಲ. ಐದು ತಿಂಗಳಾದ ಮೇಲೆ ಕೋರ್ಟಿಗೆ ಅವರದೊಂದು ಪತ್ರ ಬಂತು, ಜೊತೆಗೆ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರತಿ. ವಿಚಾರಣೆಯ ದಿನ ಸೊಪ್ಪು ಮುರಿಯುವ ಕೆಲಸ ಬಿಟ್ಟು ಹನ್ನೊಂದೂ ಹೆಂಗಸರು ಸಾಕ್ಷಿ ಹೇಳಲು ಬಂದಿದ್ದರು. ಅವರೆಲ್ಲರಿಗೂ ಹಿರಿಯಳು ಚಿಕ್ಕಸಿದ್ದಮ್ಮ, ಸ್ಪಂದನಾಳ ಸೋದರತ್ತೆ.

ನ್ಯಾಯಾಧೀಶರು ಪತ್ರ ಓದಿ ಕನ್ನಡಕ ತೆಗೆದರು. ಇಂಥ ಸಂಸ್ಥೆ ಹಲವು ದೇಶಗಳಿಗೆ ಸೇರಿದ್ದು, ಯಾವ ಒಂದು ದೇಶವೂ ಅದರ ಕೈ ಕಟ್ಟಿಹಾಕಬಾರದೆಂದು ಕಾನೂನೇ ಅದಕ್ಕೆ ರಕ್ಷಣೆ ಕೊಟ್ಟಿದೆ, ತಾನಾಗಿ ಒಪ್ಪಿ ಬಂದರಷ್ಟೇ ನಾವು ವಿಚಾರಿಸಬಹುದು ಎಂದರು. “ಪ್ರಭುಸ್ವಾಮಿಯವರೇ, ಇವರಿಗೆ ಮಧ್ಯಸ್ಥಿಕೆಯ ದಾರಿ ಇತ್ತಲ್ಲ. ಯಾಕೆ ಹೋಗಲಿಲ್ಲ?”

ನಾನು ಫೈಲು ತಿರುವುತ್ತಾ ನಿಂತೆ.

ಚಿಕ್ಕಸಿದ್ದಮ್ಮ ಹಿಂದಿನಿಂದ ಎದ್ದು ಕೈಮುಗಿದಳು. “ಸಾಮಿ, ನಮ್ಮುನ್ನ ಕೇಳಿ. ಅನ್ನೊಂದು ಮನೇಲೂ ಗೇಯ್ದೋರು ನಾವೇಯ. ಈ ಮಗ ಬರ್ದಿರೋದು ದಿಟ. ಸುಳ್ಳಾದ್ರೆ ನಮ್ಮ ನಾಲ್ಗೆ ಬಿದ್ದೋಗ್ಲಿ.”

“ಕೂತ್ಕೊಳ್ಳಿ ತಾಯಿ. ನೀವು ಹೇಳೋದನ್ನ ಕೇಳೋ ಅಧಿಕಾರ ನನಗಿಲ್ಲ,” ಎಂದರು ನ್ಯಾಯಾಧೀಶರು. ಹೇಳುವಾಗ ಅವರ ಮುಖವೂ ಸಪ್ಪಗಾಗಿತ್ತು. ದಾವೆ ವಜಾ ಆಯಿತು.

ಹೆಂಗಸರು ಬಸ್ಸಿಗೆ ಹೊರಟರು. ಸ್ಪಂದನಾ ನನ್ನ ಹಿಂದೆಯೇ ಆಫೀಸಿಗೆ ಬಂದಳು.

“ನಾನು ಬಂದ ದಿವ್ಸ ಇನ್ನೂ ನಲವತ್ತೊಂಬತ್ತು ದಿನ ಇತ್ತು ಸಾರ್.”

“ಹೌದಮ್ಮ.”

“ತೊಂಬತ್ತು ದಿನ ಅನ್ನೋದನ್ನ ನೀವು ಓದಿರ್ಲಿಲ್ವಾ?”

ಓದಿರಲಿಲ್ಲ ಎಂದು ಹೇಳಬಹುದಿತ್ತು. “ಓದಿದ್ದೆ,” ಎಂದೆ. ಅಷ್ಟು ಸತ್ಯ ಹೇಳಿದ್ದಕ್ಕೆ ನನ್ನ ಬಗ್ಗೆ ನನಗೇ ಒಂದಿಷ್ಟು ಸಮಾಧಾನವೂ ಆಯಿತು, ನಾಚಿಕೆಗೇಡು.

ಅವಳು ರೇಗಲಿಲ್ಲ. ಅದೇ ಪುಟ ತೆಗೆದು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ತಕ್ಕ ಕಾರಣವಿದ್ದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳಬಹುದು ಎಂದಿತ್ತು. “ನಾನು ಕೇಳಿದ್ದೆ, ನೀವು ಬ್ಯಾಡ ಅಂದ್ರಿ. ಅಷ್ಟನ್ನ ಬರ್ದು ಸೈನ್ ಹಾಕ್ಕೊಡಿ ಸಾರ್. ತಡ ಆಗಿದ್ದು ನನ್ನಿಂದಲ್ಲ ಅಂತ ತೋರಿಸ್ತೀನಿ. ಆಗ ಅತ್ತೆ ಮಾತನ್ನೂ ಕೇಳ್ತಾರೆ.”

ಬರೆಯಬೇಕಾದದ್ದು ಎರಡೇ ಸಾಲು. ಲೆಟರ್‌ಹೆಡ್ಡು ಕೈಗೆ ಸಿಗುವಂತೆಯೇ ಇತ್ತು, ಪೆನ್ನಿನ ಮುಚ್ಚಳವನ್ನೂ ತೆಗೆದೆ. ಆದರೆ ಆ ಕಾಗದ ಯಾರ ಯಾರ ಕೈಗೆ ಹೋಗುತ್ತದೋ, ವಕೀಲರ ಸಂಘದಲ್ಲಿ ಯಾರು ಅದನ್ನು ಓದಿ ನಗುತ್ತಾರೋ, ಕಕ್ಷಿದಾರರು ಏನೆಂದುಕೊಳ್ಳುತ್ತಾರೋ ಎಂಬುದೇ ತಲೆ ತುಂಬಿತು. ಇಪ್ಪತ್ತೆಂಟು ವರ್ಷದ ಹೆಸರು.

“ನಾಳೆ ಬಾಮ್ಮ. ಸರಿಯಾಗಿ ಟೈಪ್ ಮಾಡಿಸಿ ಇಟ್ಟಿರ್ತೀನಿ.”

“ಬತ್ತೀನಿ ಸಾರ್,” ಎಂದು ನಂಬಿ ಹೋದಳು.

ಮರುದಿನ ಬೆಳಿಗ್ಗೆ ಹತ್ತಕ್ಕೇ ಬಂದಳಂತೆ, ಸಂಜೆಯ ಕೊನೆಯ ಬಸ್ಸಿನವರೆಗೂ ಬೆಂಚಿನ ಮೇಲೆ ಕೂತಿದ್ದಳಂತೆ. ನಾನು ಎಚ್.ಡಿ. ಕೋಟೆ ಕೋರ್ಟಿನಲ್ಲಿ ಕೆಲಸವಿದೆ ಎಂದು ಗುಮಾಸ್ತ ಕಂಠಪ್ಪನಿಗೆ ಹೇಳಿ ಹೋಗಿದ್ದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.